ಓದುಗರ ಪ್ರಶ್ನೆ: ನಿದ್ದೆಗೆಟ್ಟರೆ ಕಿಡ್ನಿಗೆ ಏನಾಗುತ್ತದೆ?

ನಿದ್ದೆ ಮತ್ತು ಕಿಡ್ನಿಯ ಬಗ್ಗೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಏಳಕ್ಕೆ ಇಲ್ಲಿ ಉತ್ತರವಿದೆ. ಪತ್ರಗಳ ಭಾಷೆಯನ್ನು ಬದಲಿಸಿಲ್ಲ, ಬರೆದವರ ಹೆಸರು ಮಾತ್ರ ಬಿಟ್ಟಿದ್ದೇವೆ.

ವಿದ್ಯಾರ್ಥಿ, ಸಪ್ತಾಪುರ, ಧಾರವಾಡ: ಪಿಎಸ್‌ಐ ಪರೀಕ್ಷಾಕ್ಕ ಓದಾಕತ್ತೇನ್ರಿ. ವಯಸ್ಸು 24. ಮಲಗೂದ್ರಾಗ ರಾತ್ರಿ ಎರಡೂವರೆ ಆಗತೈತಿ, ಮುಂಜಾನೆ ಏಳಕ್ಕ ಮತ್ತ ಕ್ಲಾಸ್. ರಾತ್ರಿ ಹನ್ನೊಂದರೊಳಗ ಮಲಗದಿದ್ರ ಕಿಡ್ನಿ ಕೆಡತಾವು ಅಂತ ವಾಟ್ಸಪ್ಪಿನ್ಯಾಗ ಬಂದಿತ್ತು. ಹೆದರಿ ರಕ್ತ ಪರೀಕ್ಷೆ ಮಾಡಿಸಿದೆ, ಕ್ರಿಯಾಟಿನಿನ್ 1.3 ಬಂದೈತಿ. ಮುಂಜಾನೆ ಮೂತ್ರದಾಗ ನೊರೆನೂ ಕಾಣತೈತಿ. ಕಿಡ್ನಿ ಹೋದವೇನ್ರಿ?

ಉತ್ತರ: ಹನ್ನೊಂದು ದಾಟಿದರೆ ಕಿಡ್ನಿ ಕೆಡುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಕಿಡ್ನಿಗೆ ರಜೆಯ ಹೊತ್ತು ಅಂತ ಇಲ್ಲ. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ, ನೂರಕ್ಕೆ 99 ಪಾಲನ್ನು ರಕ್ತಕ್ಕೇ ಮರಳಿಸಿ ಒಂದೂವರೆ ಲೀಟರಿನಷ್ಟನ್ನು ಮೂತ್ರವಾಗಿ ಹೊರಹಾಕುತ್ತವೆ. ಆದರೆ ಈ ಕೆಲಸಕ್ಕೂ ಹಗಲು ರಾತ್ರಿಯ ಭೇದ ಇದೆ. ರಾತ್ರಿ ಸೋಸುವ ವೇಗ ತಗ್ಗುತ್ತದೆ, ಉಪ್ಪು ಕಡಿಮೆ ಹೊರಬೀಳುತ್ತದೆ, ನೀರು ಉಳಿಸುವ ಹಾರ್ಮೋನು ಏರಿ ಮೂತ್ರ ಗಟ್ಟಿಯಾಗುತ್ತದೆ. ಅದೇ ಹೊತ್ತಿಗೆ ರಕ್ತದೊತ್ತಡ ಹಗಲಿಗಿಂತ ಶೇ. 10ರಿಂದ 20ರಷ್ಟು ಇಳಿಯುತ್ತದೆ. ಕಿಡ್ನಿಯ ಸಣ್ಣ ರಕ್ತನಾಳಗಳಿಗೆ ಬೇಕಾದದ್ದು ಈ ಇಳಿತ. ವರ್ಷಗಟ್ಟಲೆ ನಿದ್ದೆ ಕಡಿಮೆ ಮಾಡಿದವರಲ್ಲಿ ಇದು ಸರಿಯಾಗಿ ಆಗುವುದಿಲ್ಲ, ಬಿ.ಪಿ. ಮತ್ತು ಶುಗರ್ ಏರುವ ಸಾಧ್ಯತೆ ಹೆಚ್ಚುತ್ತದೆ. ಕಿಡ್ನಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಈ ದಾರಿಯಲ್ಲೇ. ಅಮೆರಿಕದ ನರ್ಸುಗಳನ್ನು ಹಲವು ವರ್ಷ ಗಮನಿಸಿದ ಅಧ್ಯಯನದಲ್ಲಿ 5 ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗುವವರ ಕಿಡ್ನಿ ಶಕ್ತಿ 7-8 ಗಂಟೆ ಮಲಗುವವರಿಗಿಂತ ಬೇಗ ಇಳಿದದ್ದು ಕಂಡಿದೆ. ನಿದ್ದೆಯೊಂದೇ ಕಾರಣ ಎಂದು ಅದರಿಂದ ಸಿದ್ಧವಾಗುವುದಿಲ್ಲ, ಆದರೆ ಕಡೆಗಣಿಸುವ ಮಾತೂ ಅಲ್ಲ.

ಈಗ ನಿಮ್ಮ 1.3. ಕ್ರಿಯಾಟಿನಿನ್ ಎಂದರೆ ಕಿಡ್ನಿ ಸೋಸಿ ಹೊರಹಾಕುವ ಒಂದು ಕಸ. ಅದು ಬರುವುದು ಸ್ನಾಯುಗಳಿಂದ, ಹಾಗಾಗಿ ಬರೀ ಆ ಅಂಕಿ ನೋಡಿ ಏನೂ ಹೇಳಲಾಗದು. ಅದನ್ನು ವಯಸ್ಸು, ಗಂಡು-ಹೆಣ್ಣು ಲೆಕ್ಕಕ್ಕೆ ಹಾಕಿ, ಕಿಡ್ನಿ ಸೋಸುವ ವೇಗದ ಅಂದಾಜಾದ ಇಜಿಎಫ್‌ಆರ್ ತೆಗೆಯಬೇಕು. 24 ವರ್ಷದ ಹುಡುಗನಿಗೆ 1.3 ಇದ್ದರೆ ಇಜಿಎಫ್‌ಆರ್ ಸುಮಾರು 78. ಅದೇ 1.3 ಅರವತ್ತರ ಹೆಣ್ಣುಮಗಳಿಗೆ ಬಂದರೆ ಸುಮಾರು 47, ಅದು ಚಿಂತೆ ಮಾಡಬೇಕಾದ ಅಂಕಿ. 60ಕ್ಕಿಂತ ಕೆಳಗಿದ್ದು ಮೂರು ತಿಂಗಳು ಹಾಗೇ ಉಳಿದರೆ ಅದನ್ನು ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನುತ್ತೇವೆ. ದೈಹಿಕ ಪರೀಕ್ಷೆಗೆಂದು ಜಿಮ್‌ಗೆ ಹೋಗುತ್ತಿದ್ದರೆ, ಕ್ರಿಯಾಟಿನ್ ಪುಡಿ ತಗೊಳ್ಳುತ್ತಿದ್ದರೆ, ಹಿಂದಿನ ರಾತ್ರಿ ಸಾವಜಿ ಖಾನಾವಳಿಯಲ್ಲಿ ಮಟನ್ ಊಟ ಮಾಡಿದ್ದರೆ ಆ ಅಂಕಿ ಸ್ವಲ್ಪ ಮೇಲೇ ಬರುತ್ತದೆ. ಪುಡಿ ಬಿಟ್ಟು, ಹಿಂದಿನ ದಿನ ಮಾಂಸ ತಿನ್ನದೆ, ಸಾಕಷ್ಟು ನೀರು ಕುಡಿದು ಎರಡು ವಾರದ ನಂತರ ಮತ್ತೊಮ್ಮೆ ಮಾಡಿಸಿ.

ನೊರೆಯ ವಿಷಯಕ್ಕೆ ಇನ್ನೊಂದು ಪರೀಕ್ಷೆ ಬೇಕು. ಅದನ್ನು ಜನ ತಾವಾಗಿ ಕೇಳುವುದೇ ಇಲ್ಲ. ಮೂತ್ರದಲ್ಲಿ ಸೋರುವ ಆಲ್ಬುಮಿನ್ ಎಂಬ ಪ್ರೋಟೀನನ್ನು ಅಳೆಯುವ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ, ಲ್ಯಾಬಿನಲ್ಲಿ ‘ಎಸಿಆರ್’ ಎಂದರೆ ಸಾಕು. ಬೆಳಿಗ್ಗೆ ಎದ್ದ ಕೂಡಲೇ ಹೋಗುವ ಮೂತ್ರ, ಮೊದಲ ಧಾರೆ ಬಿಟ್ಟು ನಡುವಿನದು ಕೊಡಿ. ಜ್ವರ ಇದ್ದಾಗ, ಉರಿಮೂತ್ರ ಇದ್ದಾಗ, ಹಿಂದಿನ ದಿನ ಗ್ರೌಂಡಿನಲ್ಲಿ ಜೋರು ಓಡಿದ್ದಾಗ ಕೊಟ್ಟರೆ ಸುಳ್ಳೇ ಹೆಚ್ಚು ತೋರಿಸುತ್ತದೆ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿ.ಗ್ರಾಂ ಒಳಗಿದ್ದರೆ ನಿರಾಳವಾಗಿರಿ. ಮೀರಿದರೆ ಮೂರು ತಿಂಗಳಲ್ಲಿ ಇನ್ನೆರಡು ಸಲ ಮಾಡಿಸಿ, ಮೂರರಲ್ಲಿ ಎರಡು ಸಲ ಹೆಚ್ಚು ಬಂದರೆ ಕಿಡ್ನಿ ತಜ್ಞರನ್ನು ಕಾಣಿ. ಸಾಮಾನ್ಯ ಮೂತ್ರ ಪರೀಕ್ಷೆಯಲ್ಲಿ ‘ಆಲ್ಬುಮಿನ್ ನಿಲ್’ ಎಂದು ಬರೆದದ್ದನ್ನು ನಂಬಿ ಕೂರಬೇಡಿ, ಸಣ್ಣ ಸೋರಿಕೆ ಅದರಲ್ಲಿ ತಪ್ಪಿಹೋಗುತ್ತದೆ. ಬೆಳಗಿನ ಗಟ್ಟಿ ಮೂತ್ರ ಜೋರಾಗಿ ಬಿದ್ದಾಗ ಏಳುವ ನೊರೆ ಬೇಗ ಇಳಿಯುತ್ತದೆ. ಹಲವು ನಿಮಿಷ ಕಳೆದರೂ ಹಾಗೇ ನಿಂತ ನೊರೆಗೆ ಲಕ್ಷ್ಯ ಕೊಡಬೇಕು.

ಕೊನೆಗೆ, ಹನ್ನೆರಡಕ್ಕೆ ಪುಸ್ತಕ ಮುಚ್ಚಿ. ನಿದ್ದೆ ಬಿಟ್ಟು ಓದಿದ್ದು ಮರುದಿನ ತಲೆಯಲ್ಲಿ ಉಳಿಯುವುದೂ ಕಡಿಮೆ. ಚಹಾದ ಕೆಫೀನ್ ಅರ್ಧ ಇಳಿಯಲು ಸುಮಾರು ಐದು ತಾಸು ಬೇಕು, ಆದ್ದರಿಂದ ಕೊನೆಯ ಚಹಾ ಸಂಜೆ ಆರಕ್ಕೆ ಮುಗಿಯಲಿ.

ಗೃಹಿಣಿ, ಹಳೇ ಹುಬ್ಬಳ್ಳಿ: ನಮ್ಮ ಮನಿಯವರು ಬಸ್ ಡ್ರೈವರ್, ವಯಸ್ಸು 47, ತಿಂಗಳದಾಗ ಅರ್ಧ ದಿನ ರಾತ್ರಿಪಾಳಿ. ಬಿ.ಪಿ.ಗೆ ಮೂರು ಗುಳಿಗಿ ತಗೊಂಡ್ರೂ 160 ಕೆಳಗ ಇಳಿಯೂದಿಲ್ಲ. ಗೊರಕಿ ಭಾಳ. ನಡುವ ಉಸಿರು ನಿಂತಂಗ ಆಗಿ ಮತ್ತ ಜೋರಾಗಿ ಎಳಕೋತಾರ. ರಾತ್ರಿ ಮೂರು ಸರ್ತಿ ಮೂತ್ರಕ್ಕ ಏಳತಾರ. ಬಿ.ಪಿ. ಗುಳಿಗಿ ರಾತ್ರಿ ಕೊಟ್ರ ಚಲೋ ಅಂತಾರ, ಖರೆ ಏನ್ರಿ?

ಉತ್ತರ: ಅಕ್ಕಾವರೇ, ಗುಳಿಗೆಯ ಹೊತ್ತಿಗಿಂತ ನೀವು ಬರೆದ ಆ ನಿಂತುಹೋಗುವ ಉಸಿರೇ ಇಲ್ಲಿ ಮುಖ್ಯ. ಇದು ಸ್ಲೀಪ್ ಆಪ್ನಿಯಾ ಇರಬಹುದು. ಮಲಗಿದಾಗ ಗಂಟಲು ಸಡಿಲಾಗಿ ಮುಚ್ಚಿಕೊಳ್ಳುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ದೇಹ ಗಾಬರಿಯಾಗಿ ಅಡ್ರಿನಲಿನ್ ಸುರಿಸುತ್ತದೆ. ರಾತ್ರಿ ಇಳಿಯಬೇಕಾದ ಬಿ.ಪಿ. ಹೀಗೆ ಗಂಟೆಗೆ ಹತ್ತಾರು ಸಲ ಏರುತ್ತದೆ. ಮುಚ್ಚಿದ ಗಂಟಲಿನ ವಿರುದ್ಧ ಉಸಿರು ಎಳೆಯುವಾಗ ಎದೆಯೊಳಗೆ ಸೆಳೆತ ಉಂಟಾಗಿ ಹೃದಯದ ಮೇಲಿನ ಕೋಣೆಗಳು ಹಿಗ್ಗುತ್ತವೆ. ಮೈಯಲ್ಲಿ ನೀರು ಹೆಚ್ಚಾಗಿದೆ ಎಂದು ತಿಳಿದು ಅವು ಉಪ್ಪು-ನೀರು ಹೊರಹಾಕಿಸುವ ಹಾರ್ಮೋನು ಬಿಡುತ್ತವೆ. ಮೂರು ಸಲ ಮೂತ್ರಕ್ಕೆ ಏಳುವುದಕ್ಕೆ ಇದೇ ಕಾರಣವಾಗಿದ್ದರೆ, ಆಪ್ನಿಯಾಕ್ಕೆ ಚಿಕಿತ್ಸೆಯಾದ ಮೇಲೆ ಅದೂ ಕಡಿಮೆಯಾಗುತ್ತದೆ.

ಅವರು ಮಲಗಿದ ಮೇಲೆ ಮೊಬೈಲಿನಲ್ಲಿ ಐದು ನಿಮಿಷ ವಿಡಿಯೊ ಮಾಡಿ, ವೈದ್ಯರಿಗೆ ತೋರಿಸಿ. ಟೇಲರ್ ಟೇಪಿನಿಂದ ಕುತ್ತಿಗೆಯ ಸುತ್ತಳತೆ ತೆಗೆಯಿರಿ, 40 ಸೆಂ.ಮೀ. ದಾಟಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಸ್ಲೀಪ್ ಸ್ಟಡಿ ಎಂಬ ಒಂದು ರಾತ್ರಿಯ ಪರೀಕ್ಷೆಯಿಂದ ಖಚಿತವಾಗುತ್ತದೆ. ಕಿವಿ-ಮೂಗು-ಗಂಟಲು ಅಥವಾ ಶ್ವಾಸಕೋಶ ತಜ್ಞರು ಅದನ್ನು ಬರೆದುಕೊಡುತ್ತಾರೆ. ತೀವ್ರವಾಗಿದ್ದರೆ ಮುಖಕ್ಕೆ ಮಾಸ್ಕ್ ಹಾಕಿ ಗಾಳಿಯ ಒತ್ತಡ ಕೊಡುವ ಸಿಪ್ಯಾಪ್ ಯಂತ್ರ ಬೇಕಾಗುತ್ತದೆ. ಅಲ್ಲಿಯವರೆಗೆ ಅಂಗಾತ ಮಲಗದೆ ಮಗ್ಗುಲಾಗಿ ಮಲಗಲಿ, ಸಾರಾಯಿ ಮತ್ತು ನಿದ್ದೆ ಗುಳಿಗೆ ಎರಡೂ ಬೇಡ, ಅವು ಗಂಟಲನ್ನು ಇನ್ನಷ್ಟು ಸಡಿಲಿಸುತ್ತವೆ. ಮೈಭಾರ ಹತ್ತರಲ್ಲಿ ಒಂದು ಪಾಲು ಇಳಿದರೂ ಗುಣ ಕಾಣುತ್ತದೆ. ಸ್ಟೇರಿಂಗ್ ಮುಂದೆ ತೂಕಡಿಕೆ ಬರುತ್ತಿದ್ದರೆ ಪರೀಕ್ಷೆಯನ್ನು ಮುಂದಿನ ತಿಂಗಳಿಗೆ ತಳ್ಳಬೇಡಿ. ಅವರ ಹಿಂದೆ ಕೂತ ಪ್ರಯಾಣಿಕರ ಜೀವವೂ ಇದರಲ್ಲಿದೆ.

ಇನ್ನು ಗುಳಿಗೆಯ ಹೊತ್ತು. ಬ್ರಿಟನ್ನಿನಲ್ಲಿ 21,000ಕ್ಕೂ ಹೆಚ್ಚು ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬೆಳಿಗ್ಗೆ ತಗೊಂಡವರಿಗೂ ರಾತ್ರಿ ತಗೊಂಡವರಿಗೂ ಹೃದಯಾಘಾತ, ಪಾರ್ಶ್ವವಾಯುವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಮರೆಯದೆ ನುಂಗಲು ಯಾವ ಹೊತ್ತು ಅನುಕೂಲವೋ ಅದೇ ಸರಿ. ಮೂರರಲ್ಲಿ ಒಂದು ಮೂತ್ರ ಹೆಚ್ಚಿಸುವ ಗುಳಿಗೆ ಆಗಿದ್ದರೆ ಅದನ್ನು ಮಾತ್ರ ಎದ್ದ ಮೇಲೆ ತಗೊಳ್ಳಲಿ. ರಾತ್ರಿಪಾಳಿ ಇದ್ದ ದಿನ ಎದ್ದ ಹೊತ್ತೇ ಅವರಿಗೆ ಬೆಳಗು. ಮನೆಯಲ್ಲಿ ಬಿ.ಪಿ. ನೋಡುವಾಗ ಐದು ನಿಮಿಷ ಸುಮ್ಮನೆ ಕೂತು, ಪಾದ ನೆಲಕ್ಕೂರಿ, ತೋಳು ಎದೆಮಟ್ಟಕ್ಕೆ ಇಟ್ಟು, ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ. ಹೀಗೆ ಬೆಳಿಗ್ಗೆ-ಸಂಜೆ ಏಳು ದಿನ ಬರೆದು, ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆಯಿರಿ. ಮನೆಯ ಸರಾಸರಿ 135/85 ಮುಟ್ಟಿದರೆ ಅದು ಹೆಚ್ಚೇ.

ಹಮಾಲರೊಬ್ಬರು, ಬ್ಯಾಡಗಿ: ಮೆಣಸಿನಕಾಯಿ ಸುಗ್ಗಿಯಾಗ ರಾತ್ರಿಯೆಲ್ಲಾ ಚೀಲ ಇಳಸತೇವ್ರಿ. ನಡಾ ನೋವಿಗೆ ಅಂಗಡ್ಯಾಗ ಕೊಡೂ ಗುಳಿಗಿ ದಿನಾ ಎರಡು ನುಂಗತೇನಿ. ಬಿ.ಪಿ. ಗುಳಿಗಿನೂ ಐತಿ. ಜೊತಿಗೆ ಕೆಲಸ ಮಾಡೂ ಒಬ್ಬಾತಗ ಕ್ರಿಯಾಟಿನಿನ್ 4 ಆಗೈತಿ, ನಿದ್ದಿಗೆಟ್ಟು ಆತು ಅಂತ ಎಲ್ಲಾರೂ ಅಂತಾರ. ನನಗೂ ಹಂಗ ಆಗತೈತೇನ್ರಿ?

ಉತ್ತರ: ನಿಮ್ಮ ಪತ್ರದಲ್ಲಿ ನಮಗೆ ಭಯ ಹುಟ್ಟಿಸಿದ್ದು ನಿದ್ದೆಯಲ್ಲ, ಆ ಎರಡು ಗುಳಿಗೆ. ನಿಮ್ಮ ಜೊತೆಗಾರರಿಗೂ ನೋವಿನ ಗುಳಿಗೆಯ ಅಭ್ಯಾಸ ಇತ್ತೇ ಎಂದು ಮೊದಲು ಕೇಳಿ, ಇದ್ದರೆ ಅವರ ವೈದ್ಯರಿಗೆ ಅದು ಗೊತ್ತಾಗಲೇಬೇಕು.

ಕಿಡ್ನಿಯ ಒಂದೊಂದು ಸೋಸುವ ಗಂಟಿಗೂ ರಕ್ತ ತರುವ ಒಂದು ಸಣ್ಣ ನಾಳ, ಒಯ್ಯುವ ಒಂದು ನಾಳ ಇರುತ್ತವೆ. ಬೆವರಿ ಮೈಯಲ್ಲಿ ನೀರು ಕಡಿಮೆಯಾದಾಗ ಪ್ರೊಸ್ಟಗ್ಲಾಂಡಿನ್ ಎಂಬ ಪದಾರ್ಥ ತರುವ ನಾಳವನ್ನು ಅಗಲವಾಗಿ ಹಿಡಿದು ಸೋಸುವ ಕೆಲಸ ನಿಲ್ಲದಂತೆ ಕಾಯುತ್ತದೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್, ನಿಮೆಸುಲೈಡ್, ಪಿರಾಕ್ಸಿಕಾಂ, ಎಟೊರಿಕಾಕ್ಸಿಬ್, ಇವೆಲ್ಲ ನೋವು ಕಡಿಮೆ ಮಾಡುವುದೇ ಆ ಪದಾರ್ಥವನ್ನು ತಡೆದು. ತರುವ ನಾಳ ಆಗ ಬಿಗಿಯುತ್ತದೆ. ಬಿ.ಪಿ.ಗೆ ಕೊಡುವ ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್ ಮುಂತಾದವು ಒಯ್ಯುವ ನಾಳವನ್ನು ಸಡಿಲಿಸುತ್ತವೆ. ಬೇರೆ ದಿನ ಕಿಡ್ನಿಗೆ ಅದರಿಂದ ಒಳ್ಳೆಯದೇ. ಆದರೆ ತರುವುದು ಬಿಗಿ, ಒಯ್ಯುವುದು ಸಡಿಲ, ಮೇಲೆ ನೀರಿಲ್ಲ ಎಂದಾಗ ಸೋಸುವ ಒತ್ತಡವೇ ಬಿದ್ದುಹೋಗುತ್ತದೆ. ಮೂತ್ರ ಹೆಚ್ಚಿಸುವ ಔಷಧವೂ ಸೇರಿದರೆ ಅಪಾಯ ಇನ್ನೂ ಹೆಚ್ಚು. ಟೆಲ್ಮಿಸಾರ್ಟನ್ ಜೊತೆ ಅಂಥ ಔಷಧ ಕೂಡಿಸಿದ ಗುಳಿಗೆಯ ಹೆಸರಿನ ಕೊನೆಗೆ ಸಾಮಾನ್ಯವಾಗಿ ‘ಎಚ್’ ಅಕ್ಷರ ಇರುತ್ತದೆ, ನಿಮ್ಮದನ್ನು ನೋಡಿಕೊಳ್ಳಿ.

ನೋವಿನ ಗುಳಿಗೆ ಬಿಡಿ, ಬಿ.ಪಿ. ಗುಳಿಗೆ ಬಿಡಬೇಡಿ. ವಾಂತಿ-ಭೇದಿಯಾದ ದಿನ ಮಾತ್ರ ವೈದ್ಯರಿಗೆ ಫೋನು ಮಾಡಿ, ಅದನ್ನೂ ತಗೊಳ್ಳಬೇಕೋ ತಡೆಯಬೇಕೋ ಕೇಳಿ. ನಡಾ ನೋವಿಗೆ ಬರೀ ಪ್ಯಾರಾಸಿಟಮಾಲ್ 500 ಮಿ.ಗ್ರಾಂ ಒಂದು ಅಥವಾ ಎರಡು, ಆರು ತಾಸಿನ ಅಂತರದಲ್ಲಿ, ದಿನಕ್ಕೆ ಆರು ಗುಳಿಗೆ ಮೀರದಂತೆ. ಕುಡಿತ ಅಥವಾ ಲಿವರ್ ತೊಂದರೆ ಇದ್ದರೆ ಅಷ್ಟೂ ಬೇಡ, ವೈದ್ಯರನ್ನು ಕೇಳಿ. ಇಲ್ಲೊಂದು ಎಚ್ಚರ: ಅಂಗಡಿಯಲ್ಲಿ ಪ್ಯಾರಾಸಿಟಮಾಲ್ ಎಂದು ಕೊಡುವ ಎಷ್ಟೋ ಗುಳಿಗೆಗಳಲ್ಲಿ ಅಸಿಕ್ಲೋಫೆನಾಕ್ ಕೂಡ ಸೇರಿರುತ್ತದೆ. ಸ್ಟ್ರಿಪ್ ತಿರುವಿ ಹಿಂದಿನ ಸಣ್ಣಕ್ಷರ ಓದಿ, ಓದಲು ಬಾರದಿದ್ದರೆ ಮಕ್ಕಳ ಕಡೆಯಿಂದ ಓದಿಸಿ. ಬಿಸಿನೀರಿನ ಶಾಖ, ಬೆಲ್ಟು, ಮೇಲೆ ಹಚ್ಚುವ ಮುಲಾಮು ನಡೆಯುತ್ತವೆ.

ನಡುನಡುವೆ ಮೂತ್ರಕ್ಕೆ ಹೋಗಬೇಕಾಗುತ್ತದೆ ಎಂದು ಕೆಲಸದ ಹೊತ್ತಿನಲ್ಲಿ ನೀರು ಕುಡಿಯದೇ ಇರಬೇಡಿ. ಬೆವರುವ ಕೆಲಸದಲ್ಲಿ ಅರ್ಧ ತಾಸಿಗೊಮ್ಮೆ ಒಂದು ಲೋಟ ನೀರು, ನಡುವೆ ತೆಳು ಮಜ್ಜಿಗೆ. ಮೂತ್ರ ತಿಳಿಹಳದಿ ಇರುವಷ್ಟು ಕುಡಿದರೆ ಸರಿ. ಈ ವಾರವೇ ಕ್ರಿಯಾಟಿನಿನ್ ಮತ್ತು ಎಸಿಆರ್ ಮಾಡಿಸಿ. ನೋವಿನ ಗುಳಿಗೆಯ ಪೆಟ್ಟು ಬೇಗ ಗೊತ್ತಾದರೆ ಸಾಮಾನ್ಯವಾಗಿ ವಾಪಸಾಗುತ್ತದೆ, ತಿಂಗಳುಗಟ್ಟಲೆ ಬಿಟ್ಟರೆ ಕಲೆ ಉಳಿಯುತ್ತದೆ. ಮೂತ್ರ ದಿನಕ್ಕೆ ಎರಡು ಲೋಟಕ್ಕಿಂತ ಕಡಿಮೆಯಾದರೆ, ಮುಖ-ಕಾಲು ಬಾತರೆ, ವಾಂತಿ ಹಿಡಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ರೈತ ಮಹಿಳೆ, ರೋಣ ತಾಲೂಕು: ಮೋಟಾರಿಗೆ ತ್ರೀ ಫೇಸ್ ಕರೆಂಟ್ ರಾತ್ರಿ ಬರತೈತಿ. ಯಜಮಾನ್ರು ಹನ್ನೆರಡಕ್ಕ ಹೊಲಕ್ಕ ಹೋಗಿ ನಸಿಕಿಲೇ ಬರತಾರ. ಎಂಟು ವರ್ಷದಿಂದ ಶುಗರ್ ಐತಿ. ಮುಂಜಾನೆ ಶುಗರ್ 210ರ ಮ್ಯಾಲೇ ಇರತೈತಿ. ನಿದ್ದಿ ಇಲ್ಲದ್ದು ಕಿಡ್ನಿಗೆ ಪೆಟ್ಟು ಕೊಡತೈತೇನ್ರಿ?

ಉತ್ತರ: ಹೌದು, ಶುಗರ್ ಇದ್ದವರಲ್ಲಿ ಈ ನಂಟು ಗಟ್ಟಿ. ನಿದ್ದೆ ತುಂಡಾದರೆ ಇನ್ಸುಲಿನ್ ಸರಿಯಾಗಿ ನಾಟುವುದಿಲ್ಲ, ಬೆಳಗಿನ ಶುಗರ್ ಏರುತ್ತದೆ. ರಕ್ತದ ಶುಗರ್ ಸುಮಾರು 180 ದಾಟಿದರೆ ಅದು ಮೂತ್ರಕ್ಕೆ ಚೆಲ್ಲುತ್ತದೆ, ಜೊತೆಗೆ ನೀರನ್ನೂ ಎಳೆದೊಯ್ಯುತ್ತದೆ, ಉಳಿದ ನಿದ್ದೆಯೂ ಹಾಳು. ವರ್ಷಗಟ್ಟಲೆ ಹೀಗೇ ನಡೆದರೆ ಸೋಸುವ ಪೊರೆ ಸವೆದು ಆಲ್ಬುಮಿನ್ ಸೋರತೊಡಗುತ್ತದೆ. ನೋವಿಲ್ಲ, ಬಾವಿಲ್ಲ, ಏನೂ ಗೊತ್ತಾಗುವುದಿಲ್ಲ. ಆದ್ದರಿಂದ ವರ್ಷಕ್ಕೊಮ್ಮೆ ಎಸಿಆರ್ ಮತ್ತು ಕ್ರಿಯಾಟಿನಿನ್ ತಪ್ಪಬಾರದು, ಬಿ.ಪಿ. 130/80ರ ಒಳಗಿರಬೇಕು.

ಕರೆಂಟಿನ ಹೊತ್ತು ನಿಮ್ಮ ಕೈಯಲ್ಲಿಲ್ಲ, ನಿದ್ದೆಯನ್ನು ಎರಡು ಕಂತು ಮಾಡಿಕೊಳ್ಳಬಹುದು. ಸಂಜೆ ಏಳಕ್ಕೆ ಊಟ, ಎಂಟರಿಂದ ಹನ್ನೊಂದೂವರೆ ಒಂದು ನಿದ್ದೆ. ಬಂದ ಮೇಲೆ ಚಹಾ ಕುಡಿಯದೆ, ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ ಇನ್ನೊಂದು ಮೂರೂವರೆ ತಾಸು. ಆ ಹೊತ್ತಿನಲ್ಲಿ ಮೊಬೈಲು ನಿಮ್ಮ ಹತ್ತಿರ ಇರಲಿ, ಅವರನ್ನು ಯಾರೂ ಎಬ್ಬಿಸಬಾರದು. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಅಥವಾ ಇನ್ಸುಲಿನ್ ತಗೊಳ್ಳುವವರು ನಡುರಾತ್ರಿ ಕೆಲಸಕ್ಕೆ ಇಳಿದರೆ ಶುಗರ್ ಒಮ್ಮೆಲೇ ಬೀಳಬಹುದು. ನಡುಕ, ತಣ್ಣನೆಯ ಬೆವರು, ತಲೆ ಮಂಕಾಗುವುದನ್ನು ಚಳಿ ಅಥವಾ ದಣಿವು ಎಂದು ತಿಳಿಯುವುದೇ ಅಪಾಯ. ಜೇಬಿನಲ್ಲಿ ಮೂರು ಚಮಚದಷ್ಟು ಸಕ್ಕರೆ ಕಟ್ಟಿಕೊಡಿ. ಆಲ್ಬುಮಿನ್ ಸೋರುತ್ತಿದ್ದರೆ ಡಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಸೇರಿಸಬಹುದೇ ಎಂದು ವೈದ್ಯರನ್ನು ಕೇಳಿ. ಅವು ಕಿಡ್ನಿಯ ಇಳಿತವನ್ನು ನಿಧಾನಿಸುತ್ತವೆ, ಪೇಟೆಂಟ್ ಮುಗಿದ ಮೇಲೆ ಬೆಲೆಯೂ ಇಳಿದಿದೆ. ಮೂತ್ರ ಹೆಚ್ಚಾಗುವುದರಿಂದ ಬೆಳಿಗ್ಗೆ ತಗೊಳ್ಳಬೇಕು, ಉಪವಾಸ ಅಥವಾ ಭೇದಿಯ ದಿನ ನಿಲ್ಲಿಸಬೇಕು.

ಪ್ರಶ್ನೆಯಲ್ಲಿ ಇಲ್ಲದಿದ್ದರೂ ಒಂದು ಮಾತು ಹೇಳಲೇಬೇಕು. ರಾತ್ರಿ ನೀರು ಹಾಯಿಸುವವರ ಕಿಡ್ನಿ ದಿಢೀರ್ ನಿಲ್ಲುವುದಕ್ಕೆ ಕೊಳಕುಮಂಡಲದ ಕಡಿತವೂ ಕಾರಣ. ಮೊಣಕಾಲುದ್ದದ ಗಮ್‌ಬೂಟು, ಬ್ಯಾಟರಿ ಇಲ್ಲದೆ ಬದುವಿಗೆ ಇಳಿಯಬಾರದು. ಕಚ್ಚಿದರೆ ಬಿಗಿಯಾಗಿ ಕಟ್ಟದೆ, ಕೊಯ್ಯದೆ, ಕಾಲು ಅಲುಗಾಡಿಸದೆ ನೇರ ವಿಷನಿರೋಧಕ ಇರುವ ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ. ಒಂದೊಂದು ತಾಸೂ ಲೆಕ್ಕಕ್ಕೆ ಬರುತ್ತದೆ.

ನಿವೃತ್ತ ಶಿಕ್ಷಕರು, ರಾಣೇಬೆನ್ನೂರು: ವಯಸ್ಸು 68. ರಾತ್ರಿ ನಾಲ್ಕು ಬಾರಿ ಮೂತ್ರಕ್ಕೆ ಏಳುತ್ತೇನೆ. ಕಿಡ್ನಿ ವೀಕ್ ಆಗಿವೆ ಎಂದು ಮಗ ಹೇಳುತ್ತಾನೆ. ಕ್ರಿಯಾಟಿನಿನ್ 1.0 ಇದೆ.

ಉತ್ತರ: ಗುರುಗಳೇ, ಮೊದಲು ಅಳತೆ ಮಾಡಿ. ಗೆರೆ ಇರುವ ಒಂದು ಲೀಟರಿನ ಪ್ಲಾಸ್ಟಿಕ್ ಮಗ್ ತಗೊಂಡು ಮೂರು ದಿನ ಪ್ರತಿ ಸಲದ ಹೊತ್ತು ಮತ್ತು ಪ್ರಮಾಣ ಬರೆಯಿರಿ. ಮಲಗಿದ ಮೇಲಿನದ್ದು ಮತ್ತು ಬೆಳಿಗ್ಗೆ ಎದ್ದ ಕೂಡಲೇ ಹೋದದ್ದು ರಾತ್ರಿಯ ಲೆಕ್ಕಕ್ಕೆ. ಇಡೀ ದಿನದ್ದು 1,600 ಮಿ.ಲೀ. ಇದ್ದು ಅದರಲ್ಲಿ ರಾತ್ರಿಯದೇ 700 ಇದ್ದರೆ ಶೇ. 44 ಆಯಿತು. ನಿಮ್ಮ ವಯಸ್ಸಿನಲ್ಲಿ ಮೂರನೇ ಒಂದು ಪಾಲು ಮೀರಿದರೆ ರಾತ್ರಿ ಮೂತ್ರ ಹೆಚ್ಚು ತಯಾರಾಗುತ್ತಿದೆ ಎಂದರ್ಥ. ಒಟ್ಟು ಪ್ರಮಾಣ ಸರಿಯಿದ್ದು ಪ್ರತಿ ಸಲ 80-100 ಮಿ.ಲೀ. ಮಾತ್ರ ಬರುತ್ತಿದ್ದರೆ ಪ್ರೊಸ್ಟೇಟ್ ಅಥವಾ ಮೂತ್ರಕೋಶದ ಕಡೆ ನೋಡಬೇಕು, ಮೂತ್ರರೋಗ ತಜ್ಞರಿಗೆ ಆ ಚೀಟಿ ತೋರಿಸಿ.

ರಾತ್ರಿಯದೇ ಹೆಚ್ಚಾಗಿದ್ದರೆ ಸಂಜೆ ಕಣಕಾಲು ಒತ್ತಿ ನೋಡಿ. ತಗ್ಗು ಬಿದ್ದರೆ ಹಗಲೆಲ್ಲ ಕಾಲಲ್ಲಿ ನಿಂತ ನೀರು, ಮಲಗಿದಾಗ ರಕ್ತಕ್ಕೆ ಮರಳಿ ಮೂತ್ರವಾಗುತ್ತಿದೆ. ಮಧ್ಯಾಹ್ನ ಒಂದು ತಾಸು ಕಾಲು ದಿಂಬಿನ ಮೇಲಿಟ್ಟು ಮಲಗಿ, ಆ ನೀರು ಹಗಲೇ ಹೊರಹೋಗುತ್ತದೆ. ಬಾವು ಹೊಸದಾಗಿದ್ದರೆ, ಏದುಸಿರು ಬರುತ್ತಿದ್ದರೆ ಹೃದಯವನ್ನೂ ತೋರಿಸಿ. ಮೂತ್ರ ಹೆಚ್ಚಿಸುವ ಫ್ಯೂರೊಸೆಮೈಡ್ ಗುಳಿಗೆ ಇದ್ದರೆ ಸಂಜೆ ನಾಲ್ಕರ ನಂತರ ಬೇಡ. ಶುಗರ್ ನೋಡಿಸಿ, ಎಸಿಆರ್ ಮಾಡಿಸಿ. ಕಿಡ್ನಿಗೆ ಮೂತ್ರ ಗಟ್ಟಿ ಮಾಡುವ ಶಕ್ತಿ ಕುಂದಿದಾಗಲೂ ರಾತ್ರಿ ಏಳುವುದು ಹೆಚ್ಚುತ್ತದೆ, ಮಗನ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ.

ಬಹಳ ಮಂದಿಗೆ ಹೊಳೆಯದ ಕಾರಣ ಉಪ್ಪು. ಹಗಲು ತಿಂದ ಹೆಚ್ಚಿನ ಉಪ್ಪನ್ನು ಹೊರಹಾಕಲು ಕಿಡ್ನಿ ರಾತ್ರಿಯೂ ದುಡಿಯುತ್ತದೆ. ಜಪಾನಿನ ಒಂದು ಅಧ್ಯಯನದಲ್ಲಿ ದಿನದ ಉಪ್ಪು ಸುಮಾರು 11 ಗ್ರಾಂನಿಂದ 8ಕ್ಕೆ ಇಳಿಸಿದವರು ರಾತ್ರಿ ಏಳುವುದು ಸರಾಸರಿ 2.3 ಸಲದಿಂದ 1.4ಕ್ಕೆ ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಸಪಾಟ ಒಂದು ಟೀ ಚಮಚ. ಜೋಳದ ರೊಟ್ಟಿಯಲ್ಲಿ ತೊಂದರೆಯಿಲ್ಲ, ಪಕ್ಕದ ರಂಜಕ, ಉಪ್ಪಿನಕಾಯಿ, ಹಪ್ಪಳ, ಉಪ್ಪು ಹಚ್ಚಿ ಒಣಗಿಸಿದ ಮೆಣಸಿನಕಾಯಿಯಲ್ಲಿದೆ. ಸಂಜೆಯ ಗಿರ್ಮಿಟ್-ಮಿರ್ಚಿಯನ್ನು ವಾರಕ್ಕೊಮ್ಮೆಗೆ ಇಳಿಸಿ, ರಾತ್ರಿ ಊಟದಲ್ಲಿ ಇವು ಯಾವುದೂ ಬೇಡ.

ಓದುಗರು, ಲಕ್ಷ್ಮೇಶ್ವರ: ಮಲಗೂ ಮುಂಚೆ ಒಂದು ಲೀಟರ್ ನೀರು ಕುಡಿದ್ರ ಕಿಡ್ನಿ ಸ್ವಚ್ಛ ಆಗತಾವೇನ್ರಿ?

ಉತ್ತರ: ಇಲ್ಲ, ನಿದ್ದೆ ಕೆಡುತ್ತದೆ ಅಷ್ಟೆ. ದಿನದ ನೀರಿನ ಬಹುಪಾಲು ಸಂಜೆ ಏಳರೊಳಗೆ ಮುಗಿಸಿ. ಕಲ್ಲು ಆದವರ ಮಾತು ಬೇರೆ. ಅವರಿಗೆ ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಹೋಗಬೇಕು, ಅದಕ್ಕಾಗಿ ಮಲಗುವಾಗಲೂ ಒಂದು ಲೋಟ ಕುಡಿಯಲಿ.

ಡಯಾಲಿಸಿಸ್ ರೋಗಿಯ ಮಗಳು, ಗದಗ-ಬೆಟಗೇರಿ: ಅವ್ವಗ ವಾರಕ್ಕ ಎರಡು ಸರ್ತಿ ಡಯಾಲಿಸಿಸ್. ರಾತ್ರಿ ಮಲಗಿದ್ರ ಕಾಲಾಗ ಹುಳ ಹರದಂಗ ಆಗತೈತಂತ, ಎದ್ದು ಅಡ್ಡಾಡಿದ್ರ ಕಡಿಮಿ. ನಿದ್ದಿ ಗುಳಿಗಿ ಕೊಡಬಹುದೇನ್ರಿ?

ಉತ್ತರ: ನೀವಾಗಿ ನಿದ್ದೆ ಗುಳಿಗೆ ಕೊಡಬೇಡಿ. ನೀವು ಹೇಳಿದ್ದು ರೆಸ್ಟ್‌ಲೆಸ್ ಲೆಗ್ಸ್ ತೊಂದರೆಯಂತಿದೆ, ಡಯಾಲಿಸಿಸ್ ಮೇಲಿರುವವರಲ್ಲಿ ಇದು ಸಾಮಾನ್ಯ. ಮುಂದಿನ ಡಯಾಲಿಸಿಸ್ ದಿನ ವೈದ್ಯರಿಗೆ ಇದೇ ಮಾತಿನಲ್ಲಿ ಹೇಳಿ. ಹಿಮೋಗ್ಲೋಬಿನ್, ಫೆರಿಟಿನ್ ಮತ್ತು ಕಬ್ಬಿಣಾಂಶದ ಪರೀಕ್ಷೆ ಕೇಳಿ, ವಾರಕ್ಕೆ ಎರಡು ಸಲ ಸಾಕಾಗುತ್ತಿದೆಯೇ ಎಂದೂ ಕೇಳಿ. ಸಂಜೆಯ ಚಹಾ ನಿಲ್ಲಿಸಿ, ಮಲಗುವ ಮುಂಚೆ ಮೀನಖಂಡ ತಿಕ್ಕಿ ಕೊಡಿ. ಕೆಲವು ಶೀತ-ಅಲರ್ಜಿ ಗುಳಿಗೆಗಳು ಕಾಲಿನ ಈ ಸಂಕಟ ಹೆಚ್ಚಿಸುತ್ತವೆ, ಅವರು ಏನೇನು ತಗೊಳ್ಳುತ್ತಾರೆ ಎಂಬ ಪೂರ್ತಿ ಪಟ್ಟಿ ತೋರಿಸಿ. ಗ್ಯಾಬಪೆಂಟಿನ್ ಅಥವಾ ಪ್ರಿಗ್ಯಾಬಲಿನ್ ಬರೆದುಕೊಟ್ಟರೆ ಅದು ಬಹಳ ಸಣ್ಣ ಪ್ರಮಾಣದಲ್ಲಿ, ಸಾಮಾನ್ಯವಾಗಿ ಡಯಾಲಿಸಿಸ್ ಆದ ಮೇಲೆ ಕೊಡುವಂಥದ್ದು. ಕಿಡ್ನಿಯಿಂದಲೇ ಹೊರಹೋಗುವ ಔಷಧಗಳಾದ್ದರಿಂದ ಅವರ ಮೈಯಲ್ಲಿ ಉಳಿದುಬಿಡುತ್ತವೆ. ಬೇರೆ ಯಾರಿಗೋ ಬರೆದ ಚೀಟಿಯ ಪ್ರಮಾಣದಲ್ಲಿ ಕೊಟ್ಟರೆ ಮಂಪರು, ತೊದಲು, ಬೀಳುವುದು ಶುರುವಾಗುತ್ತದೆ. ಹಾಗೇನಾದರೂ ಕಂಡರೆ ಮುಂದಿನ ಗುಳಿಗೆ ತಡೆದು ಅದೇ ದಿನ ಡಯಾಲಿಸಿಸ್ ಕೇಂದ್ರಕ್ಕೆ ಫೋನು ಮಾಡಿ.